ಎಡಗಡೆಯ ಮುಂದಿನ ಟೈರು

ಇದು ನಮ್ಮ ಪಕ್ಕದ ಮನೆಯ ಸುಬ್ಬಣ್ಣನವರಿಗೆ ಆದದ್ದು. ಗೋಣಿಬೀಡಿನಲ್ಲಿ ಟೈರ್ ಅಂಗಡಿ ಇಟ್ಟವರು. ಕಟ್ಟುಕತೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಹೋದ ಕಾರ್ತಿಕದ ಒಂದು ರಾತ್ರಿ, ಹತ್ತೂವರೆ ಆಗಿರಬೇಕು. ಸುಬ್ಬಣ್ಣ ಅಂಗಡಿ ಮುಚ್ಚಿ ನಡೆದುಕೊಂಡು ಬರುತ್ತಿದ್ದರು. ಆಲದ ಮರದ ಹತ್ತಿರ ಬಂದಾಗ ಹಿಂದೆ ಸದ್ದು... ವ್ಹೂಂ... ವ್ಹೂಂ... ಎಂಜಿನ್ನಿನದಲ್ಲ. ಸವೆದ ಟೈರು ಟಾರಿನ ಮೇಲೆ ಉರುಳುವ ಸದ್ದು. ತಿರುಗಿ ನೋಡಿದರೆ ಜಯದೇವಪ್ಪನವರ ಲಾರಿ. ಲೈಟಿಲ್ಲ. ಎಂಜಿನ್ ಆಫ್. ಸೀಟಿನಲ್ಲಿ ಯಾರೂ ಇಲ್ಲ... ತಾನಾಗಿ ಬಂದು ಆಲದ ಕೆಳಗೆ ನಿಂತಿತು.

ಬೇರೆ ಯಾರಾದರೂ ಆಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡುತ್ತಿದ್ದರು. ಆದರೆ ಆ ಲಾರಿ ಮೂರು ತಿಂಗಳಿಂದ ಸುಬ್ಬಣ್ಣನವರ ನಿದ್ದೆ ಕೆಡಿಸಿತ್ತು. ಎಡಗಡೆಯ ಮುಂದಿನ ಟೈರು ಮಾತ್ರ, ಅದರಲ್ಲೂ ಹೊರ ಅಂಚು ಮಾತ್ರ ಸವೆಯುತ್ತಿತ್ತು. ಹೊಸದು ಹಾಕಿದರೂ ಇಪ್ಪತ್ತೇ ದಿನಕ್ಕೆ ಒಳಗಿನ ತಂತಿ ಕಾಣುತ್ತಿತ್ತು. ದಾರ ಹಿಡಿದು ಚಕ್ರಗಳ ಅಲೈನ್‌ಮೆಂಟ್ ನೋಡಿದರು, ಸರಿ ಇತ್ತು. ಚಕ್ರ ಎಡಬಲ ತಿರುಗುವ ಕಿಂಗ್ ಪಿನ್ ಬದಲಿಸಿದರು, ಬೇರಿಂಗ್ ಬದಲಿಸಿದರು. ಊಹೂಂ. ಜಾವಳಿ ತಿರುವಿನಲ್ಲಿ ಮಾತ್ರ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತದೆ ಅಂತ ಈಗಿನ ಡ್ರೈವರ್ ಹರ್ಷವರ್ಧನ ಹೇಳಿದಾಗ, ಸುಬ್ಬಣ್ಣ ಕೇಳಿಸದವರ ಹಾಗೆ ಸ್ಪ್ಯಾನರ್ ಹುಡುಕತೊಡಗಿದರು.

ಯಾಕೆಂದರೆ ಹಿಂದಿನ ಡ್ರೈವರ್ ಅನಿಲ ಸತ್ತದ್ದು ಅದೇ ತಿರುವಿನಲ್ಲಿ. ಪಾರ್ಚ್‌ಮೆಂಟ್ ಕಾಫಿ ಲೋಡಿನ ಸಮೇತ ಇದೇ ಲಾರಿ ಎಡಗಡೆಯ ಕಂದಕಕ್ಕೆ ಬಿದ್ದಿತ್ತು. ಎತ್ತಿ ರಿಪೇರಿ ಮಾಡಿಸಿ ಮತ್ತೆ ರಸ್ತೆಗಿಳಿಸಿ ಮೂರು ತಿಂಗಳಷ್ಟೇ ಆಗಿತ್ತು. ಹಳೇ ಟೈರಿಗೆ ಹೊಸ ರಬ್ಬರು ಅಂಟಿಸಿದ ರೀಸೋಲ್ ಟೈರನ್ನು ಮುಂದಿನ ಚಕ್ರಕ್ಕೆ ಮಾತ್ರ ಹಾಕಬೇಡಿ ಅಂತ ಅವನು ಗೋಗರೆದಿದ್ದ. ಕಾಫಿ ಸೀಸನ್ನು, ಲೋಡ್ ಹೋಗಲೇಬೇಕು ಅಂದರು ಮಾಲೀಕರು ಜಯದೇವಪ್ಪ. ಹಾಕಿಕೊಟ್ಟವರು ಸುಬ್ಬಣ್ಣ. ಟೈರು ಒಡೆಯಿತು. ಆಮೇಲೆ ಇಬ್ಬರೂ ಕಂಡಕಂಡವರಿಗೆ ಒಂದೇ ಮಾತು ಹೇಳಿದರು, ಅನಿಲ ಕುಡಿದಿದ್ದ ಅಂತ. ಒಂದು ಹನಿ ಮುಟ್ಟದವನು ಅವನು. ಅವನ ಹೆಂಡತಿ ರೇವತಿಗೆ ಊರಲ್ಲಿ ಕುಡುಕನ ಹೆಂಡತಿ ಅಂತಲೇ ಹೆಸರಾಯಿತು. ಆ ಮಾತು ಆಡಿದವರ ಬಾಯಿಗೆ ಹುಳ ಬೀಳಬೇಕು ಅಂತ ನನಗೂ ಅನ್ನಿಸಿದ್ದುಂಟು.

ಸುಬ್ಬಣ್ಣ ಮೊಣಕಾಲೂರಿ ಆ ಟೈರಿಗೆ ಅಂಗೈ ಇಟ್ಟರು. ಅವರಿಗೆ ಕಣ್ಣಿಗಿಂತ ಅಂಗೈ ಮೇಲೆ ನಂಬಿಕೆ. ಹೊರಗಿನಿಂದ ಒಳಕ್ಕೆ ಸವರಿದರೆ ನುಣುಪು... ಒಳಗಿನಿಂದ ಹೊರಕ್ಕೆ ಸವರಿದರೆ ಗರಗಸ. ಸುಮ್ಮನೆ ಉರುಳಿ ಸವೆದದ್ದಲ್ಲ. ಉರುಳುವಾಗ ಯಾರೋ ಅಡ್ಡಕ್ಕೆ ಎಳೆದು ಸವೆದದ್ದು. ರಬ್ಬರು ಜ್ವರ ಬಂದ ಮೈಯಷ್ಟು ಬಿಸಿಯಿತ್ತು. ಕೈ ತೆಗೆಯಲು ನೋಡಿದರು. ಬರಲಿಲ್ಲ. ಅಂಟಿಕೊಂಡಿತ್ತು.

ಕಿವಿಯ ಪಕ್ಕದಲ್ಲೇ ಪಿಸುಮಾತು, ಅನಿಲನ ದನಿ.

"ಎಂಥ ಕಾರಣ, ಸುಬ್ಬಣ್ಣ?"

"ಅಲೈನ್... ಅಲೈನ್‌ಮೆಂಟ್..."

ಕಿರ್ರ್... ಚಕ್ರ ಒಂದು ಗೇಣು ಉರುಳಿತು. ಅದರ ಜೊತೆ ಕೈಯೂ ಕೆಳಗಿಳಿಯಿತು.

"ಕಿಂಗ್ ಪಿನ್ ಇರ್ಬೇಕು..."

ಕಿರ್ರ್... ಇನ್ನೊಂದು ಗೇಣು. ಈಗ ಕೈಗೂ ರಸ್ತೆಗೂ ನಡುವೆ ನಾಲ್ಕೇ ಬೆರಳು.

"ಸರಿಯಾಗಿ ನೋಡಿ ಹೇಳಿ ಮಾರಾಯ್ರೆ. ಟೈರ್ ಮುಟ್ಟಿ ಜಾತಕ ಹೇಳೋರು ನೀವು."

ಸುಬ್ಬಣ್ಣ ಅತ್ತೇಬಿಟ್ಟರು. "ರೀಸೋಲ್ ಹಾಕಿದ್ದು ನಾನು. ನೀನು ಕುಡಿದಿರ್ಲಿಲ್ಲ."

"ನಂಗೆ ಗೊತ್ತುಂಟಲ್ಲ. ರೇವತಿ ಎದುರು ಹೇಳಿ, ಊರಿನ ಎದುರು ಹೇಳಿ. ಮಾಲೀಕರೂ ಹೇಳ್ಬೇಕು... ನಾಳೆ ಹೊತ್ತು ಮುಳುಗೋದ್ರೊಳಗೆ."

ಕೈ ಬಿಟ್ಟಿತು. ತಲೆಯೆತ್ತಿದರೆ ಲಾರಿ ಇಲ್ಲ.

ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ, ರೇವತಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಸುಬ್ಬಣ್ಣ ಎಲ್ಲವನ್ನೂ ಹೇಳಿದರು. ನಾನೂ ಇದ್ದೆ. ರೇವತಿ ಸುಬ್ಬಣ್ಣನವರ ಮುಖ ನೋಡಲಿಲ್ಲ. ಅಲ್ಲಿ ನಿಂತಿದ್ದ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಲ್ಲಿಂದ ಜಯದೇವಪ್ಪನವರ ಮನೆಗೆ ಹೋಗಿ ಸುಬ್ಬಣ್ಣ ಕಾಲು ಹಿಡಿದರು. ಅವರು ನಕ್ಕರು. "ಸತ್ತವನಿಗೆ ಎಂಥ ಮರ್ಯಾದೆ ಮಾರಾಯ?" ಅಂದರು. ನಕ್ಕದ್ದಷ್ಟೇ ಅಲ್ಲ, ದೆವ್ವವೂ ಇಲ್ಲ ಪಿಶಾಚಿಯೂ ಇಲ್ಲ ಅಂತ ತೋರಿಸಲು ಸಂಜೆ ತಾವೇ ಲಾರಿ ಹತ್ತಿ, ಒಬ್ಬರೇ, ಜಾವಳಿ ತಿರುವು ದಾಟಿ ಬಂದರು. ಲಾರಿಗೆ ಒಂದು ಗೀರೂ ಆಗಿರಲಿಲ್ಲ. ಆವತ್ತಿನಿಂದ ಆ ಟೈರು ಸಮನಾಗಿ ಸವೆಯುತ್ತಿದೆ, ಎಳೆತವೂ ಇಲ್ಲ.

ಆದರೆ ಲಾರಿಯಿಂದ ಇಳಿದ ಜಯದೇವಪ್ಪನವರು ನೆಟ್ಟಗೆ ನಡೆಯಲಿಲ್ಲ. ಬಾಗಿಲ ಕಡೆ ಹೆಜ್ಜೆ ಇಟ್ಟರೆ ಗೋಡೆಗೆ ಹೋಗಿ ತಾಗುತ್ತಿದ್ದರು. ಚಿಕ್ಕಮಗಳೂರಿಗೆ ಹೋದರು, ಮಂಗಳೂರಿಗೆ ಹೋದರು. ಎಲುಬು ಸರಿ, ನರ ಸರಿ, ಏನೂ ತೊಂದರೆ ಇಲ್ಲ ಅಂದರು ಡಾಕ್ಟರುಗಳು. ನಾನು ಕೂದಲೆಳೆಯಷ್ಟೂ ಸೇರಿಸಿ ಹೇಳುತ್ತಿಲ್ಲ. ನಂಬದಿದ್ದರೆ ಬೆಳಗಾದ ಮೇಲೆ ಅವರ ಮನೆ ಮೆಟ್ಟಿಲ ಹತ್ತಿರ ಬಿಟ್ಟಿರುವ ಚಪ್ಪಲಿ ನೋಡಿ ಬನ್ನಿ. ಬಲಗಾಲಿನದು ಹೊಸದಾಗೇ ಇದೆ. ಎಡಗಾಲಿನದು ಹೊರ ಅಂಚು ಮಾತ್ರ ಸವೆದು, ನೆಲ ಕಾಣುತ್ತದೆ.