ಸರಾಸರಿ ತೃಪ್ತಿಕರ

ಈ ಸಭೆಯ ಅಧ್ಯಕ್ಷರೇ, ಕೆರೆ ಸಮಿತಿಯ ಹಿರಿಯರೇ, ಪ್ರಯೋಗಾಲಯದ ಸಹೋದ್ಯೋಗಿಗಳೇ, ಸಭಿಕರೇ,

ನನ್ನನ್ನು ಬೀಳ್ಕೊಡಲು ಇಷ್ಟು ಜನ ಸೇರಿದ್ದೀರಿ. ಮೂವತ್ತೊಂದು ವರ್ಷ, ಒಂದು ತಿಂಗಳೂ ತಪ್ಪದೆ ಊರಿನ ಎರಡೂ ಕೆರೆಗಳ ನೀರನ್ನು ಅಳೆದವನು ಎಂದು ಅಧ್ಯಕ್ಷರು ಹೊಗಳಿದರು. ಅಳೆದೆ, ನಿಜ. ಅಳೆದು ಏನು ಕಡಿದು ಕಟ್ಟೆ ಹಾಕಿದೆ?

ನನ್ನ ಕೆಲಸ ಇಷ್ಟೇ: ಹಗ್ಗಕ್ಕೆ ಕಟ್ಟಿದ ಬಿಳಿ ಬಿಲ್ಲೆಯನ್ನು ದೋಣಿಯಿಂದ ನೀರಿಗಿಳಿಸುವುದು, ಅದು ಕಣ್ಣಿಗೆ ಕಾಣದಾದ ಆಳವನ್ನು ಬರೆದುಕೊಳ್ಳುವುದು. ನೀರು ತಿಳಿಯಾಗಿದ್ದಷ್ಟೂ ಬಿಲ್ಲೆ ಆಳದವರೆಗೆ ಕಾಣುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದೊಡ್ಡ ಕೆರೆಯಲ್ಲಿ ಹನ್ನೆರಡು ಅಡಿಯವರೆಗೂ ಕಾಣುತ್ತಿತ್ತು. ಊರಿನ ಚರಂಡಿಗಳು ಅದಕ್ಕೆ ತಿರುಗಿದ ಮೇಲೆ ಹತ್ತಾಯಿತು, ಎಂಟಾಯಿತು, ಆರಾಯಿತು. ಒಂದು ತಿಂಗಳು ಮೂರಕ್ಕೆ ಬಂದಾಗ ಸಮಿತಿಗೆ ಓಡಿದೆ. ಹಿರಿಯರೊಬ್ಬರು ಕನ್ನಡಕ ಏರಿಸಿ, "ಒಂದು ತಿಂಗಳ ಅಳತೆ ನೋಡಿ ಗಾಬರಿಯಾದ್ರೆ ಹೇಗ್ರೀ? ಐದು ವರ್ಷದ ಸರಾಸರಿ ತೆಗೀರಿ," ಎಂದರು. ತೆಗೆದೆ. ಏಳು ಬಂತು. "ತೃಪ್ತಿಕರ" ಎಂದು ಷರಾ ಬಿತ್ತು.

ಸ್ವಾಮಿ, ಕೆರೆ ಸರಾಸರಿ ನೋಡಿಕೊಂಡು ಸಾಯುತ್ತದೆಯೇ? ನಾಲ್ಕೇ ದಿನ. ನೀರು ಪಾಚಿಗಟ್ಟಿ ಹಸಿರಾಯಿತು, ಮೀನೆಲ್ಲ ಸತ್ತು ತೇಲಿದವು. ಆಮೇಲೆ ಚರಂಡಿ ನಿಲ್ಲಿಸಿದಿರಿ. ಹಾಲು ಒಡೆದ ಮೇಲೆ ಒಲೆ ಆರಿಸಿದರೆ ಅದು ಮತ್ತೆ ಹಾಲಾಗುತ್ತದೆಯೇ? ಒಂಬತ್ತು ವರ್ಷವಾಯಿತು, ಬಿಲ್ಲೆ ಇನ್ನೂ ಒಂದಡಿಗೇ ಮಾಯ.

ಆ ಕೆರೆಯಲ್ಲಿ ನನ್ನಣ್ಣ ಬಲೆ ಬೀಸುತ್ತಿದ್ದ. ಹೊಸ ದೋಣಿ ಮಾಡಿಸುವ ಮುಂಚೆ ಮನೆಗೆ ಬಂದು, "ನೀರು ಹೇಗಿದೆಯೋ? ನೀನು ಹೂಂ ಅಂದ್ರೆ ಮಾಡಿಸ್ತೀನಿ," ಎಂದ. ಅಳತೆ ಸಮಿತಿಯಿಂದ ಹೊರಗೆ ಹೋಗಬಾರದೆಂಬ ನಿಯಮವಿತ್ತು. "ಸರಾಸರಿ ಚೆನ್ನಾಗಿದೆ ಅಣ್ಣಾ," ಎಂದೆ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಅಣ್ಣ ಈಗ ಯಾರದೋ ಗೋದಾಮಿನ ಬಾಗಿಲು ಕಾಯುತ್ತಾನೆ. ನನ್ನೊಡನೆ ಮಾತು ಬಿಟ್ಟಿದ್ದಾನೆ. ನನಗೆ ಅವನ ಮೇಲೆ ಸಿಟ್ಟಿಲ್ಲ. ನಿಮ್ಮ ಮೇಲಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ಈಗ ಉಳಿದಿರುವುದು ಮೇಲಿನ ಕೆರೆ. ನಾವೆಲ್ಲ ಕುಡಿಯುವ ನೀರು ಅದೇ. ಅದಕ್ಕೂ ಹೊಸ ಬಡಾವಣೆಯ ಚರಂಡಿ ಬಿಟ್ಟಿದ್ದೀರಿ. ಈ ತಿಂಗಳ ಅಳತೆ ಮೂರೂವರೆ ಅಡಿ. ಇವತ್ತೇ ಚರಂಡಿಯನ್ನು ಬೇರೆಡೆಗೆ ತಿರುಗಿಸಿದರೆ ಉಳಿದೀತು, ನಾಳೆಯ ಮಾತು ನಾನು ಹೇಳಲಾರೆ. ಎರಡು ಸಲ ವರದಿ ಕೊಟ್ಟೆ. ಎರಡು ಸಲವೂ "ಮುಂದಿನ ಸಭೆಗೆ ಇಡಿ" ಎಂದಿರಿ.

ಆದ್ದರಿಂದ ಬೆಳಿಗ್ಗೆ ಆ ಅಳತೆಯನ್ನು ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಮಾರುಕಟ್ಟೆಯಲ್ಲೂ ಬಸ್ ನಿಲ್ದಾಣದಲ್ಲೂ ಅಂಟಿಸಿ ಬಂದಿದ್ದೇನೆ. ನಿಯಮ ಮುರಿದೆನೆಂದು ನನ್ನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ದಯವಿಟ್ಟು ಅವಸರ ಮಾಡಿ. ಐದು ಗಂಟೆಯವರೆಗೆ ಮಾತ್ರ ನಾನು ನಿಮ್ಮ ನೌಕರ. ಆಮೇಲೆ ಆ ನೀರು ಕುಡಿಯುವವರಲ್ಲಿ ಒಬ್ಬ.

ನಡುವೆ ತಡೆಯದೆ ಕೇಳಿಸಿಕೊಂಡಿರಿ, ಉಪಕಾರವಾಯಿತು. ನಮಸ್ಕಾರ.