ಕಿವಿ ಪರೀಕ್ಷೆ ಕೋಣೆಯಲ್ಲಿದ್ದವಳು

ನಗಬೇಡಿ. ಬೇಕಾದ್ರೆ ದೀಪ ಉರೀಲಿ, ಆದ್ರೆ ನಗಬೇಡಿ... ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಅವತ್ತು ಕತ್ತಲಾದ ಮೇಲೆ ಅಕ್ಕ ಊರಾಚೆ ಹಾಳುಬಾವಿ ದಾರೀಲಿ ಒಬ್ಳೇ ಮನೆಗೆ ಬಂದ್ಲು. ಮುಖ ಸುಣ್ಣದ ಹಾಗೆ. ದೊಡ್ಡಮ್ಮ ಏನೇ ಕೇಳಿದ್ರೂ ಒಂದೇ ಮಾತು... "ಮೆಲ್ಲಗೆ ಮಾತಾಡಮ್ಮ."

ಅಕ್ಕ ಆಸ್ಪತ್ರೇಲಿ ಕಿವಿ ಪರೀಕ್ಷೆ ಮಾಡೋಳು. ಗಾಜಿನಾಚೆ, ಹೊರಗಿನ ಸದ್ದು ಹೋಗದ ಪುಟ್ಟ ಕೋಣೆ, ಅಲ್ಲಿ ರೋಗಿ. ಈಚೆ ಮೇಜಿನ ಮೇಲೆ ಯಂತ್ರ. ಅದರ ಮುಖದ ಮೇಲೆ ನಾಬುಗಳು... ಒಂದು ಸ್ವರಕ್ಕೆ, ಒಂದು ಜೋರಿಗೆ. ನಡುವೆ ಇರೋ ಬಟನ್ ಒತ್ತಿದ್ರೆ ರೋಗಿಯ ಕಿವೀಲಿ 'ಪೀಂ' ಅನ್ನುತ್ತೆ. ಕೇಳಿಸಿದ್ರೆ ರೋಗಿ ತನ್ನ ಕೈಲಿರೋ ಸ್ವಿಚ್ಚು ಅದುಮ್ತಾನೆ, ಇಲ್ಲಿ ಹಸಿರು ದೀಪ ಹತ್ತುತ್ತೆ. ಅಷ್ಟೇ.

ಅವತ್ತಿನ ಕೊನೆಯವನು ಒಬ್ಬ ಮುದುಕ. ವೆಲ್ಡಿಂಗ್ ಕೆಲಸದವನು. ಜೊತೆಗೆ ಸೊಸೆ. "ಅತ್ತೆ ತೀರ್ಕೊಂಡ ದಿನಾನೇ ಮಾವನ ಕಿವಿ ಪೂರ್ತಿ ಹೋಯ್ತು" ಅಂದ್ಲು. ಅಕ್ಕ ಜೋರಿನ ನಾಬನ್ನ ಕೊನೇವರೆಗೂ ತಿರುಗಿಸಿದ್ಲು. ಊಹೂಂ. ಕಲ್ಲಿಗೆ ಹೇಳಿದ ಹಾಗೆ.

ಇಬ್ರೂ ಹೋದ್ರು. ಯಂತ್ರ ಆರಿಸೋಣ ಅಂತ ಅಕ್ಕ ಆ ನಾಬನ್ನ ಇಳಿಸ್ತಾ ಬಂದ್ಲು... ಟಿಕ್... ಟಿಕ್... ಟಿಕ್. ಕೈ ತಗುಲಿ ಬಟನ್ ಒತ್ತಿಹೋಯ್ತು.

ಹಸಿರು ದೀಪ ಹತ್ತಿತು.

ಗಾಜಿನಾಚೆ ಕುರ್ಚಿ ಖಾಲಿ. ವೈರು ಕೆಟ್ಟಿರ್ಬೇಕು ಅಂತ ಬಟನ್ ಮುಟ್ಟದೆ ಕೂತು ನೋಡಿದ್ಲು... ದೀಪ ಇಲ್ಲ. ಬಟನ್ ಒತ್ತಿದ್ಲು... ಹತ್ತಿತು. ನಾಬನ್ನ ತೀರಾ ಕೆಳಗಿಳಿಸಿದ್ಲು, ಎಂಥಾ ಚುರುಕು ಕಿವಿಗೂ ಕೇಳಿಸದಷ್ಟು. ಒತ್ತಿದ್ಲು... ಹತ್ತಿತು.

ಕೋಣೆಯೊಳಗಿನ ಮೈಕಿಗೆ ಬೇರೆ ನಾಬು. ಅದನ್ನ ನಿಧಾನಕ್ಕೆ ಏರಿಸಿದ್ಲು. ಮೊದಲು 'ಸೊರ್ರ್' ಅಂತ. ಆಮೇಲೆ... ಉಸಿರು.

"ಯಾರು?"

"ಹೋದ್ರಾ?" ಹೆಂಗಸಿನ ದನಿ. ಪಿಸುಮಾತು.

"ಯಾರು ಹೋಗಿದ್ದು?"

"ಅವ್ರು... ನಾನಿಲ್ಲಿ ಉಳ್ಕೊಂಡೆ ಅಂತ ಹೇಳ್ಬೇಡ."

ಬೆನ್ನ ಹಿಂದೆ ಬಾಗಿಲು ಕಿರ್ರ್ ಅಂತು. ಮುದುಕ. ಏನೂ ಕೇಳಿಸದ ಆ ಮುದುಕ, ಮೆಲ್ಲಗೆ ಕೇಳಿದ.

"ಏನಂದ್ಲು?"

ಅವನು ಹತ್ರ ಬಂದ. ಸುಟ್ಟ ಕಲೆಗಳ ಬೆರಳು ಚಾಚಿ ತಾನೇ ಬಟನ್ ಒತ್ತಿದ. ಕಾದ. ದೀಪ ಹತ್ತಲಿಲ್ಲ. ಮೈಕಿನ ಉಸಿರೂ ನಿಂತಿತ್ತು.

"ಇದ್ದಾಳೆ" ಅಂದ. ನಕ್ಕ.

ಆ ಕೋಣೆ ಕಡೆ ಹೊರಟ. ಅಕ್ಕನಿಗೆ ಎಲ್ಲಿತ್ತೋ ಧೈರ್ಯ, ಓಡಿಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ್ಲು. "ಒಳಗೆ ಯಾರೂ ಇಲ್ಲ ಅಜ್ಜಾ." ಅವನು ನೋಡ್ತಾನೇ ಇದ್ದ. ಬಾಗಿಲು ಒಳಗಿಂದ ಸಣ್ಣಗೆ ನಡುಗ್ತಿತ್ತಂತೆ... ಬೆನ್ನಿಗೆ ತಾಗ್ತಿತ್ತಂತೆ.

ಅಷ್ಟರಲ್ಲಿ ಸೊಸೆ ಬಂದ್ಲು. "ಮಾವಾ! ಬಸ್ಸು ಹೋಗುತ್ತೆ!" ಗಂಟಲು ಹರಿಯೋ ಹಾಗೆ ಕೂಗಿದ್ರೂ ಅವನು ತಿರುಗಲಿಲ್ಲ. ತೋಳು ಹಿಡಿದು ಎಳೆದಾಗ ಹೋದ. ಮತ್ತೆ ಬರಲಿಲ್ಲ.

ಈಗ ಪರೀಕ್ಷೆ ಬೇರೆ ಕೋಣೇಲಿ. ಅಕ್ಕನೇ ಹಟ ಹಿಡಿದು ಬದಲಾಯಿಸಿದ್ಲು. ಹಳೇದಕ್ಕೆ ಬೀಗ. ನೀವು ನಂಬಿ, ಬಿಡಿ... ಬೀಗ ತೆಗೆಸಿ ನಾನೇ ಒಳಗೆ ಹೋಗಿದ್ದೆ, ನಾನೇ ಬಗ್ಗಿ ನೋಡಿದ್ದೆ. ಗೋಡೆಗೆ ಮೆತ್ತಿದ ಸ್ಪಂಜಿನಲ್ಲಿ, ನೆಲದಿಂದ ಗೇಣೆತ್ತರಕ್ಕೆ, ಕಿವಿ ಒತ್ತಿಟ್ಟ ಗುರುತು ಇದೆ. ಓಲೆಯ ಹರಳು ಒತ್ತಿದ ಗುಳಿಯೂ ಇದೆ.