ಸಂಜೆಗೆ ಇಟ್ಟ ಕ್ರಿಯೆ

ಕುಳಗೇರಿ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ಕೂತಿದ್ದ ರತ್ನವ್ವನಿಗೆ, ಪಕ್ಕದ ಹೆಂಗಸು ಫೋನಿನಲ್ಲಿ ಪಿಸುಗುಟ್ಟಿದ್ದು ಬೇಡವೆಂದರೂ ಕೇಳಿಸಿತು.

“ಅಣ್ಣ ಹೋದದ್ದು ಹುಡುಗಿಗೆ ಗೊತ್ತಿಲ್ಲ. ಪೇಪರ್ ಬರದು ಬರ್ಲಿ. ಕ್ರಿಯಾ ಸಂಜೀಗೆ ಇಟ್ಕೋರಿ. ಅಲ್ಲೀತನಕ ಐಸ್ ಪೆಟ್ಟಿಗ್ಯಾಗ ಇರ್ಲಿ.”

ಅಷ್ಟರಲ್ಲಿ ಮುಖ ತೊಳೆಯಲು ಹೋಗಿದ್ದ ಹುಡುಗಿ ಕೆಮಿಸ್ಟ್ರಿ ಪಾಠ ಬಾಯಿಪಾಠ ಮಾಡುತ್ತಲೇ ಬಂದಳು.

“ಕ್ರಿಯೆ ನಿಧಾನ ಆಗಬೇಕಂದ್ರ...”

ಹೆಂಗಸು ಬೆಚ್ಚಿಬಿದ್ದಳು. “ಯಾರು ಹೇಳಿದ್ರು ನಿನಗ, ಭುವಿ?”

“ನಮ್ಮ ಸರ್ ಹೇಳ್ಯಾರ, ಅತ್ತಿ.” ಹುಡುಗಿ ನಕ್ಕಳು. “ನೀ ಮಣ್ಣು ಕೊಡೋ ಕ್ರಿಯಾ ಅಂದ್ಕೊಂಡೇನು? ಇದು ಕೆಮಿಸ್ಟ್ರಿ ಕ್ರಿಯೆ! ಬಿಸಿ ಆದ್ರ ಲಗೂನ ಆಗತೈತಿ, ಥಂಡಿ ಆದ್ರ ನಿಧಾನ. ಫ್ರಿಜ್ಜಿನ್ಯಾಗ ಇಟ್ಟ ಹಾಲು ಕೆಡಂಗಿಲ್ಲಲ್ಲ, ಹಂಗ.”

“ಖರೇನೇನವ್ವಾ? ಸಂಜೀತನಕ ಕೆಡಂಗಿಲ್ಲ?”

“ಇಂಥಾ ಬಿಸಲಾಗೂ ಕೆಡಂಗಿಲ್ಲ. ಯಾಕ, ನೀನೂ ಪರೀಕ್ಷಾ ಬರೀತೀಯೇನು?”

ರತ್ನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅತ್ತಿ, ಫೋನ್ ಹಚ್ಚು. ಅಪ್ಪಗ ಹೇಳಿ ಬಾದಾಮಿಗೆ ಪರೀಕ್ಷಾಕ್ಕ ಹೋಗ್ತೇನಿ.”

“ಮಲಗ್ಯಾನವ್ವಾ. ನೀ ಚಂದಂಗ ಬರಿ.”

“ಹಂಗಾರ ಪೇಪರ್ ಮುಗಿಸಿ ಅಪ್ಪನ್ನ ನೋಡಾಕ ದವಾಖಾನಿಗೆ ಹೋಗೂಣು.”

“ದವಾಖಾನಿಗೆ ಬ್ಯಾಡ. ಮನಿಗೆ ಕರಕೊಂಡು ಬಂದಾರ.”

“ಮನಿಗೆ? ಅಂದ್ರ ಆರಾಮ ಆತಲ್ಲ! ಮೊದಲ ಯಾಕ ಹೇಳ್ಲಿಲ್ಲ ನೀ?”

ಬಾದಾಮಿ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಹುಡುಗಿ ಓಡಿ ಹತ್ತಿದಳು. ಅತ್ತೆಗೆ ಮೆಟ್ಟಿಲ ಮೇಲೆ ಕಾಲು ಎತ್ತಿಡಲಾಗಲಿಲ್ಲ. ರತ್ನವ್ವ ಎದ್ದು ಹೋಗಿ ಅವಳ ರಟ್ಟೆ ಹಿಡಿದು ಹತ್ತಿಸಿದಳು.

ಕಿಟಕಿಯಿಂದ ಹುಡುಗಿಯ ದನಿ ಕೇಳಿಸಿತು.

“ಪೇಪರ್ ಮುಗಿದ ಕೂಡ್ಲೆ ಲಗೂ ಮನಿಗೆ ಹೋಗೂಣು ಅತ್ತಿ, ಅಪ್ಪ ದಾರಿ ಕಾಯ್ತಿರ್ತಾನ!”